ಓಟಿ ಅಂದ್ರೆ ಆಪರೇಷನ್ ಥಿಯೇಟರ್ ಅಲ್ಲ

"ನಾಳೆ ಬೆಳಿಗ್ಗೆ ಓಟಿಯವರು ಬರ್ತಾರೆ" ಅಂತ ನರ್ಸ್ ಹೇಳಿ ಹೋದ ರಾತ್ರಿ ನಮ್ಮ ದೊಡ್ಡಮ್ಮ ಕಣ್ಣು ಮುಚ್ಚಲಿಲ್ಲ. ದೊಡ್ಡಪ್ಪನಿಗೆ ಸ್ಟ್ರೋಕ್ ಆಗಿ ನಾಲ್ಕು ದಿನವಾಗಿತ್ತು. ಐಸಿಯುನಿಂದ ವಾರ್ಡಿಗೆ ಬಂದಿದ್ದರು. ಮಾತು ಸರಿಯಿತ್ತು, ಎಡಗೈ ಎಡಗಾಲಿನ ಸ್ವಾಧೀನ ಮಾತ್ರ ತಪ್ಪಿತ್ತು. ಈಗ ಮತ್ತೆ ಎಂಥ ಆಪರೇಷನ್ನು, ಯಾರೂ ಹೇಳಲೇ ಇಲ್ಲವಲ್ಲ, ಎಷ್ಟು ಕಟ್ಟಬೇಕು ಅಂತ ದೊಡ್ಡಮ್ಮ ತಿಪಟೂರಿನಲ್ಲಿದ್ದ ಅಣ್ಣನಿಗೆ ಫೋನ್ ಮಾಡಿದರು. ಅವನು ನನಗೆ ಮಾಡಿದ. ನಾನೂ ಆಪರೇಷನ್ ಥಿಯೇಟರ್ ಅಂತಲೇ ತಿಳಿದು, ಗೊತ್ತಿದ್ದ ಒಬ್ಬ ಡಾಕ್ಟರನ್ನು ರಾತ್ರಿ ಹನ್ನೊಂದಕ್ಕೆ ಎಬ್ಬಿಸಿದೆ.

ಬೆಳಿಗ್ಗೆ ಬಂದಿದ್ದು ಇಪ್ಪತ್ತೈದು ದಾಟಿರದ ಒಬ್ಬ ಹುಡುಗಿ. ಹೆಗಲಿಗೆ ಬಟ್ಟೆ ಚೀಲ. ಕುರ್ಚಿ ಎಳೆದುಕೊಂಡು ಕೂತು ಮೊದಲು ಕೇಳಿದ್ದು ಇಷ್ಟೇ: "ಮನೇಲಿ ಬೆಳಿಗ್ಗೆ ಎದ್ದ ಕೂಡಲೇ ಏನ್ ಮಾಡ್ತೀರ ಸರ್? ಒಂದೊಂದಾಗಿ ಹೇಳಿ."

ದೊಡ್ಡಪ್ಪ ಹೇಳುತ್ತಾ ಹೋದರು. ಎದ್ದು ಪಂಚೆ ಸರಿಯಾಗಿ ಕಟ್ಟಿಕೊಳ್ಳೋದು, ಹಿತ್ತಲಿಗೆ ಹೋಗೋದು, ಮುಖ ತೊಳೆಯೋದು, ಕಾಫಿ, ಆಮೇಲೆ ಜಗಲಿ ಮೇಲೆ ಕೂತು ಎಲೆ ಅಡಿಕೆ. ಆ ನಾಲ್ಕು ದಿನ ಎಲ್ಲರೂ "ಬಲಗೈ ಉಳೀತಲ್ಲ, ಪುಣ್ಯ" ಅಂತ ಸಮಾಧಾನ ಹೇಳಿದ್ದೆವು. ಪಂಚೆ ಕಟ್ಟೋಕೆ ಎರಡು ಕೈ ಬೇಕು ಅನ್ನೋದು ನಮಗ್ಯಾರಿಗೂ ಹೊಳೆದಿರಲಿಲ್ಲ. ವೀಳ್ಯದೆಲೆಗೆ ಸುಣ್ಣ ಹಚ್ಚೋಕೂ ಅಷ್ಟೇ, ಎಲೆ ಹಿಡಿಯೋ ಕೈ ಒಂದು, ಸವರೋ ಬೆರಳು ಇನ್ನೊಂದು ಕೈಯದು.

ಆಮೇಲೆ ಆಕೆ ಇನ್ನೊಂದು ಪ್ರಶ್ನೆ ಕೇಳಿದರು. "ಊಟ ಯಾಕೆ ಬಿಡ್ತಾ ಇದೀರಿ?" ದೊಡ್ಡಪ್ಪ ಎರಡು ದಿನದಿಂದ ತಟ್ಟೆ ದೂಡುತ್ತಿದ್ದರು. ಆಸ್ಪತ್ರೆ ಊಟ ಸೇರುತ್ತಿಲ್ಲ ಅಂತ ನಾವು, ಮನಸ್ಸು ಕುಗ್ಗಿದೆ ಅಂತ ಡಾಕ್ಟರು ಅಂದುಕೊಂಡಿದ್ದೆವು. ಅವರು ದೊಡ್ಡಮ್ಮನನ್ನು ಹೊರಗೆ ಕಳಿಸಿ, ಗೋಡೆ ಕಡೆ ಮುಖ ಮಾಡಿ ಹೇಳಿದರು. ತೊಳೆದುಕೊಳ್ಳೋದು ಎಡಗೈಯಲ್ಲಿ. ಎಡಗೈ ಹೋಗಿದೆ. ಉಣ್ಣೋ ಕೈಯಲ್ಲೇ ಅದನ್ನೂ ಮಾಡಬೇಕಾ? ಇಲ್ಲಾ ಹೆಂಡತಿ ಕೈಲಿ ಮಾಡಿಸಿಕೊಳ್ಳಬೇಕಾ? ತಿಂದರೆ ತಾನೇ ಹೋಗಬೇಕು.

ನ್ಯೂರಾಲಜಿಸ್ಟ್ ನೋಡಿದ್ದರು, ಸ್ಕ್ಯಾನ್ ಎರಡು ಸಲ ಆಗಿತ್ತು, ನಾವಂತೂ ಹಗಲೂ ರಾತ್ರಿ ಪಕ್ಕದಲ್ಲೇ ಇದ್ದೆವು. ಅಲ್ಲಿದ್ದ ಅತಿ ದೊಡ್ಡ ಸಮಸ್ಯೆಯನ್ನು ಇಪ್ಪತ್ತು ನಿಮಿಷದಲ್ಲಿ ಕಂಡುಹಿಡಿದದ್ದು ಈಕೆ. ಕಮೋಡ್ ಸೀಟಿನ ಕೆಳಗೆ ನೀರು ಚಿಮ್ಮುವ ಪೈಪ್ ಕೂರಿಸಿ, ತಿರುಪು ಬಲಗಡೆ ಇರಲಿ, ಗೋಡೆಗೆ ಬಲಗಡೆಯೇ ಒಂದು ಹಿಡಿಕೆ ಹಾಕಿಸಿ ಅಂದರು. ಪಂಚೆಗೆ ಸೊಂಟದ ಹತ್ತಿರ ವೆಲ್ಕ್ರೋ ಪಟ್ಟಿ ಹೊಲಿಸಬಹುದು ಅಂದರು. ಚೀಲದಿಂದ ಒಂದು ಜಾರದ ರಬ್ಬರ್ ಹಾಳೆ ತೆಗೆದು, ಎಲೆಯನ್ನು ಅದರ ಮೇಲಿಟ್ಟು ಒಂದೇ ಕೈಯಲ್ಲಿ ಸುಣ್ಣ ಹಚ್ಚೋದು ಹೇಗೆ ಅಂತ ತೋರಿಸಿದರು. ಎಡಗೈಯನ್ನು ಸುಮ್ಮನೆ ಬಿಡಬೇಡಿ, ಎಲೆಯ ತುದಿ ಅದುಮೋಕಾದರೂ ಅದಕ್ಕೆ ಕೆಲಸ ಕೊಡಿ ಅಂದರು.

ಆಕೆ ಆಕ್ಯುಪೇಷನಲ್ ಥೆರಪಿಸ್ಟ್. ಎರಡು ಸಲ ಬಂದರು, ಅಷ್ಟರಲ್ಲಿ ಡಿಸ್ಚಾರ್ಜ್ ಆಯಿತು. ಬಿಲ್ಲಿನಲ್ಲಿ ಆಕೆಯ ಕೆಲಸವನ್ನು ಹುಡುಕಿದೆ. "ಫಿಸಿಯೋಥೆರಪಿ, 2 ಸೆಷನ್" ಅಂತಿತ್ತು.

ಆ ಬಿಲ್ಲಿನ ಸಾಲು ತಲೆಯಲ್ಲಿ ಉಳಿದುಬಿಟ್ಟಿತು. ಒಂದು ವೃತ್ತಿಗೆ ಕಾಲೇಜಿದೆ, ನಾಲ್ಕೂವರೆ ವರ್ಷದ ಪದವಿ ಇದೆ, ಈಗ ಕಾನೂನೂ ಇದೆ. ಆದರೆ ಬಿಲ್ಲಿನಲ್ಲಿ ಸ್ವಂತ ಹೆಸರಿಲ್ಲ ಅಂದರೆ ಏನರ್ಥ? ಇದು ಬರೀ ಒಂದು ಆಸ್ಪತ್ರೆಯ ಸಾಫ್ಟ್‌ವೇರ್ ತಪ್ಪಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಜಗತ್ತಿನ ಎಲ್ಲ ಉದ್ಯೋಗಗಳಿಗೂ ಒಂದೊಂದು ಸಂಕೇತ ಸಂಖ್ಯೆ ಕೊಡುತ್ತೆ. 2008ರ ಆ ಪಟ್ಟಿಯಲ್ಲಿ ಫಿಸಿಯೋಥೆರಪಿಸ್ಟ್‌ಗೆ 2264, ಆಹಾರ ತಜ್ಞರಿಗೆ 2265, ಶ್ರವಣ ಮತ್ತು ವಾಕ್ ತಜ್ಞರಿಗೆ 2266. ಆಕ್ಯುಪೇಷನಲ್ ಥೆರಪಿಸ್ಟ್ ಇರೋದು 2269ರಲ್ಲಿ. ಆ ಗುಂಪಿನ ಹೆಸರು ಏನು ಗೊತ್ತಾ? ಬೇರೆಲ್ಲೂ ವರ್ಗೀಕರಿಸದ ಆರೋಗ್ಯ ವೃತ್ತಿಪರರು. ಅಂದರೆ "ಇತರೆ".

ಹೆಸರಿನ ಕಥೆ ಕನ್ನಡದಲ್ಲಿ ಇನ್ನೂ ಕಷ್ಟ. "ಔದ್ಯೋಗಿಕ ಚಿಕಿತ್ಸೆ" ಅಂತ ಅನುವಾದ ಮಾಡಿಟ್ಟಿದ್ದೇವೆ. ಅದನ್ನು ಕೇಳಿದ ದೊಡ್ಡಮ್ಮ, "ರಿಟೈರ್ ಆದೋರಿಗೆ ಇನ್ನೆಂಥಾ ಉದ್ಯೋಗನಪ್ಪಾ" ಅಂದರು. ಸರಿಯಾಗೇ ಕೇಳಿದರು. ಇಂಗ್ಲಿಷಿನಲ್ಲಿ ಆ ಪದಕ್ಕೆ ನೌಕರಿ ಅನ್ನೋ ಅರ್ಥದ ಜೊತೆಗೆ, ಮನುಷ್ಯ ದಿನವಿಡೀ ತೊಡಗಿಕೊಂಡಿರೋ ಸಂಗತಿ ಅನ್ನೋ ಅರ್ಥವೂ ಇದೆ. ನಾವು ಅನುವಾದದಲ್ಲಿ ನೌಕರಿಯನ್ನು ಉಳಿಸಿಕೊಂಡು ದಿನವನ್ನು ಬಿಟ್ಟುಬಿಟ್ಟೆವು. "ಕಾಯಕ ಚಿಕಿತ್ಸೆ" ಅನ್ನಬಹುದಲ್ಲ ಅಂತ ಗೆಳೆಯನೊಬ್ಬ ಸೂಚಿಸಿದ. ದಯವಿಟ್ಟು ಬೇಡ. ಹಾಸಿಗೆ ಹಿಡಿದವರಿಗೆ ಕಾಯಕದ ಉಪದೇಶ ಮಾಡಿದ ಹಾಗಾಗುತ್ತೆ. ನನಗೆ ಹತ್ತಿರ ಅನ್ನಿಸೋದು ನಾವು ದಿನಾ ಆಡೋ ಮಾತೇ. ಸಾಮರ್ಥ್ಯವನ್ನು ನಾವು ಕೈಯಿಂದಲೇ ಅಳೆಯೋದು. ಕೈಲಾಗುತ್ತೆ, ಕೈಲಾಗಲ್ಲ, ಕೈಲಾಗದವನು. ಕೈಲಾಗದ್ದನ್ನು ಕೈಲಾಗುವ ಹಾಗೆ ಮಾಡೋದು ಇವರ ವಿದ್ಯೆ. ಕೈಯನ್ನೇ ಬದಲಾಯಿಸಬಹುದು, ಮಾಡುವ ಕ್ರಮವನ್ನು ಬದಲಾಯಿಸಬಹುದು, ಅಥವಾ ಬಚ್ಚಲುಮನೆಯನ್ನು.

ಫಿಸಿಯೋಥೆರಪಿಗೂ ಇದಕ್ಕೂ ವ್ಯತ್ಯಾಸ ಏನು ಅಂತ ನೀವು ಕೇಳಬಹುದು. ನಾನು ಓದಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್, ಅದರ ಭಾಷೆಯಲ್ಲೇ ಹೇಳ್ತೀನಿ. ಒಂದು ಗಾಡಿಯ ಬಿಡಿಭಾಗಗಳೆಲ್ಲ ಪರೀಕ್ಷೆಯಲ್ಲಿ ಪಾಸಾಗಿರುತ್ತವೆ, ಜೋಡಿಸಿದ ಮೇಲೆ ಗಾಡಿ ಓಡಲ್ಲ. ಭುಜ ಇಷ್ಟು ಡಿಗ್ರಿ ಎದ್ದಿತು, ಸ್ನಾಯುವಿನ ಬಲ ಇಷ್ಟು ಬಂತು ಅನ್ನೋದು ಬಿಡಿಭಾಗದ ಲೆಕ್ಕ. ತಲೆ ಬಾಚಿಕೊಂಡರಾ ಅನ್ನೋದು ಗಾಡಿಯ ಲೆಕ್ಕ. ಎರಡೂ ಬೇಕು. ಒಳ್ಳೆಯ ಫಿಸಿಯೋಥೆರಪಿಸ್ಟ್ ಎರಡನೆಯದನ್ನೂ ಯೋಚಿಸುತ್ತಾರೆ, ಹಾಗಾಗಿ ಗೆರೆ ಅಷ್ಟು ಖಡಕ್ಕಾಗಿಲ್ಲ. ಆದರೆ "ನಿಮ್ಮ ಬೆಳಗು ಹೇಗಿರುತ್ತೆ" ಅಂತ ಕೇಳೋದರಿಂದಲೇ ಶುರುವಾಗುವ ವೃತ್ತಿ ಇದೊಂದೇ ಇರಬೇಕು.

ಇದು ಹುಟ್ಟಿದ್ದೂ ಹಾಗೆಯೇ. ಅಮೆರಿಕದಲ್ಲಿ 1917ರಲ್ಲಿ ಇದರ ಮೊದಲ ಸಂಘ ಕಟ್ಟಿದವರಲ್ಲಿ ಮನೋವೈದ್ಯರಿದ್ದರು, ಸಮಾಜಸೇವಕಿಯೊಬ್ಬರಿದ್ದರು, ಕ್ಷಯ ಮತ್ತು ಪಾರ್ಶ್ವವಾಯು ಎರಡನ್ನೂ ಅನುಭವಿಸಿದ್ದ ಜಾರ್ಜ್ ಬಾರ್ಟನ್ ಅನ್ನೋ ವಾಸ್ತುಶಿಲ್ಪಿ ಇದ್ದರು. ಮಾನಸಿಕ ಆಸ್ಪತ್ರೆಗಳಲ್ಲಿ ಜನರನ್ನು ಸುಮ್ಮನೆ ಕೂಡಿಹಾಕುವ ಬದಲು ಅವರ ದಿನಕ್ಕೊಂದು ಆಕಾರ ಕೊಡಬೇಕು ಅನ್ನೋದು ಮೂಲ ಆಲೋಚನೆ. ಮೊದಲ ಮಹಾಯುದ್ಧದಲ್ಲಿ ಗಾಯಗೊಂಡು ಬಂದ ಸೈನಿಕರು ಅದನ್ನು ಸಾಮಾನ್ಯ ಆಸ್ಪತ್ರೆಗಳಿಗೂ ತಂದರು. ನಮ್ಮಲ್ಲಿಗೆ ತಂದವರು ಕಮಲಾ ನಿಂಬ್ಕರ್. ಅಮೆರಿಕದಲ್ಲಿ ಹುಟ್ಟಿ, ಮದುವೆಯಾಗಿ ಭಾರತಕ್ಕೆ ಬಂದವರು. 1950ರಲ್ಲಿ ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ಮೊದಲ ಶಾಲೆ ಶುರುಮಾಡಿದರು. 1952ರಲ್ಲಿ ಜಾಗತಿಕ ಒಕ್ಕೂಟ ರಚನೆಯಾದಾಗ ಸ್ಥಾಪಕ ದೇಶಗಳು ಹತ್ತು, ಅದರಲ್ಲಿ ಭಾರತವೂ ಒಂದು. ಅಂದರೆ ಇದು ನಿನ್ನೆ ಮೊನ್ನೆ ವಿದೇಶದಿಂದ ಬಂದ ಫ್ಯಾಷನ್ ಅಲ್ಲ, ಗಣರಾಜ್ಯದಷ್ಟೇ ವಯಸ್ಸು.

ಹಾಗಿದ್ದೂ ಯಾಕೆ ಗೊತ್ತಿಲ್ಲ? ಮಣಿಪಾಲದಲ್ಲಿ ದಶಕಗಳಿಂದ ಕಲಿಸುತ್ತಿದ್ದಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮನೋವೈದ್ಯಕೀಯ ಪುನರ್ವಸತಿ ವಿಭಾಗವಿದೆ, ಅದರ ಬೇಕರಿಯ ಬ್ರೆಡ್ಡನ್ನು ನಿಮ್ಮಲ್ಲಿ ಕೆಲವರು ತಿಂದಿರಬಹುದು. ಮೈಸೂರಿನವರನ್ನು ಕೇಳಿ, ಮಗುವಿಗೆ ಮಾತು ಬರದಿದ್ದರೆ ಎಲ್ಲಿಗೆ ಹೋಗಬೇಕು ಅಂತ ಆಟೋ ಓಡಿಸುವವರೂ ಹೇಳ್ತಾರೆ, ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೆ. ಒಂದು ಕಟ್ಟಡ, ಒಂದು ಬಸ್ ಸ್ಟಾಪು ವೃತ್ತಿಯ ಹೆಸರನ್ನು ಜನರ ಬಾಯಿಗೆ ತರುತ್ತೆ. ಆಕ್ಯುಪೇಷನಲ್ ಥೆರಪಿಗೆ ಅಂಥ ಬಸ್ ಸ್ಟಾಪ್ ಇಲ್ಲ.

ಆದರೆ ಇಷ್ಟೇ ಕಾರಣ ಅಂದರೆ ನಾನು ತಪ್ಪಿಸಿಕೊಂಡ ಹಾಗಾಗುತ್ತೆ. ನಿಜವಾದ ಕಾರಣ ಹೇಳೋಕೆ ಸ್ವಲ್ಪ ನಾಚಿಕೆಯಾಗುತ್ತೆ, ಯಾಕಂದ್ರೆ ಮೊದಲ ದಿನ ಆಕೆ ಚೀಲದಿಂದ ದಪ್ಪ ಹಿಡಿಯ ಚಮಚ ತೆಗೆದಾಗ ನನಗೂ "ಇದಕ್ಕೊಬ್ಬರು ಬೇಕಾ" ಅನ್ನಿಸಿತ್ತು. ಸ್ನಾನ ಮಾಡಿಸೋದು, ಬಟ್ಟೆ ತೊಡಿಸೋದು, ಉಣ್ಣಿಸೋದು, ಕಕ್ಕಸಿಗೆ ಕರೆದೊಯ್ಯೋದು. ನಮ್ಮ ಮನೆಗಳಲ್ಲಿ ಇವು ಕೆಲಸ ಅಂತಲೇ ಲೆಕ್ಕಕ್ಕಿಲ್ಲ. ಹೆಂಡತಿ, ಸೊಸೆ, ಮಗಳು ಸಂಬಳವಿಲ್ಲದೆ ಮಾಡುವುದನ್ನು ಓದಿ ಕಲಿತು ಯಾರೋ ಫೀಸು ಕೇಳಿದರೆ ನಮಗೆ ನಗು ಬರುತ್ತೆ. ಸ್ಕ್ಯಾನ್ ಮೆಷಿನ್ ಮುಂದೆ ಕೈಮುಗಿಯುವ ನಾವು ಚಮಚದ ಮುಂದೆ ಲೇವಡಿ ಮಾಡ್ತೀವಿ. ಈ ವೃತ್ತಿಯ ಗುರುತಿನ ಬಿಕ್ಕಟ್ಟು ಅಂತ ಸೆಮಿನಾರುಗಳಲ್ಲಿ ಕರೆಯೋದರ ಬೇರು ಇಲ್ಲಿದೆ ಅಂತ ನನ್ನ ಅನಿಸಿಕೆ. ಅವರಿಗೆ ತಾವು ಯಾರು ಅಂತ ಗೊತ್ತು. ಅವರು ಮಾಡುವ ಕೆಲಸ ಕೆಲಸವೇ ಅಲ್ಲ ಅಂತ ನಾವು ತೀರ್ಮಾನಿಸಿ ಬಹಳ ಕಾಲವಾಗಿದೆ. ಇನ್ನೊಂದು ಮಾತು: ಇದು ಚೆನ್ನಾಗಿ ನಡೆದಾಗ ತೋರಿಸೋಕೆ ಏನೂ ಉಳಿಯಲ್ಲ. ಹೊಲಿಗೆ ಇಲ್ಲ, ಎಕ್ಸ್‌ರೇ ಇಲ್ಲ. ಒಬ್ಬ ಮನುಷ್ಯ ತನ್ನ ಪಾಡಿಗೆ ಎದ್ದು ಬಚ್ಚಲಿಗೆ ಹೋಗಿ ಬರುತ್ತಾನೆ, ಅಷ್ಟೇ.

"ಮನೆಯವರೇ ಮಾಡಿಕೊಳ್ಳಲಿ ಬಿಡಿ, ಸ್ವಲ್ಪ ಹೇಳಿಕೊಟ್ಟರೆ ಆಯ್ತು" ಅನ್ನೋ ವಾದ ಸರ್ಕಾರಕ್ಕೂ ಇಷ್ಟ, ಆಸ್ಪತ್ರೆಗಳಿಗೂ ಇಷ್ಟ. ಅದನ್ನು ಪರೀಕ್ಷಿಸಿಯೂ ಆಗಿದೆ, ಅದೂ ನಮ್ಮ ದೇಶದಲ್ಲೇ. ಅಟೆಂಡ್ ಅನ್ನೋ ಹೆಸರಿನ ಅಧ್ಯಯನ 14 ಆಸ್ಪತ್ರೆಗಳ 1,250 ಸ್ಟ್ರೋಕ್ ರೋಗಿಗಳನ್ನು ಎರಡು ಗುಂಪು ಮಾಡಿತು. ಒಂದು ಗುಂಪಿಗೆ ಮಾಮೂಲಿ ಆರೈಕೆ. ಇನ್ನೊಂದರಲ್ಲಿ ಮನೆಯವರಿಗೆ ಪುನರ್ವಸತಿಯ ತರಬೇತಿ ಕೊಟ್ಟು, ಮನೆಯಲ್ಲೇ ಮುಂದುವರಿಸಲು ಹೇಳಿದರು. 2017ರಲ್ಲಿ ಲ್ಯಾನ್ಸೆಟ್‌ನಲ್ಲಿ ಫಲಿತಾಂಶ ಬಂತು. ಆರು ತಿಂಗಳ ನಂತರ ತೀರಿಕೊಂಡವರು ಅಥವಾ ಪರಾವಲಂಬಿಗಳಾಗಿ ಉಳಿದವರ ಪ್ರಮಾಣ ಎರಡೂ ಗುಂಪಿನಲ್ಲಿ ಸುಮಾರು ಶೇ 47. ಏನೂ ವ್ಯತ್ಯಾಸವಿಲ್ಲ. ಹೆಚ್ಚು ಥೆರಪಿಸ್ಟ್‌ಗಳಿದ್ದರೆ ಬೇರೆ ಫಲಿತಾಂಶ ಬರುತ್ತಿತ್ತು ಅಂತ ಈ ಅಧ್ಯಯನ ಹೇಳಲ್ಲ, ನಾನೂ ಹೇಳಲ್ಲ. ಹೆಂಗಸರ ಹೆಗಲಿಗೆ ದಾಟಿಸಿದರೆ ಸಾಕು ಅನ್ನೋದಕ್ಕೆ ಆಧಾರ ಸಿಗಲಿಲ್ಲ ಅಂತ ಮಾತ್ರ ಹೇಳಬಹುದು.

ಹಾಗಾದರೆ ಥೆರಪಿಯಿಂದ ಉಪಯೋಗ ಇದೆಯಾ? ಸ್ಟ್ರೋಕ್ ಆದವರ ದಿನನಿತ್ಯದ ಕೆಲಸಗಳ ಮೇಲೆ ನೇರವಾಗಿ ಗಮನ ಕೊಡುವ ಆಕ್ಯುಪೇಷನಲ್ ಥೆರಪಿಯ ಪ್ರಯೋಗಗಳನ್ನು 2017ರ ಕಾಕ್ರೇನ್ ವಿಮರ್ಶೆ ಒಟ್ಟಿಗೆ ನೋಡಿತು. ಆ ಕೆಲಸಗಳು ಸುಧಾರಿಸುತ್ತವೆ ಅನ್ನೋದಕ್ಕೆ ಪುರಾವೆ ಇದೆ, ಆದರೆ ಪುರಾವೆಯ ಗುಣಮಟ್ಟ ಕಡಿಮೆ ಅಂದಿತು. ಅಮೆರಿಕದ ಆಸ್ಪತ್ರೆಗಳ ಖರ್ಚಿನ ಲೆಕ್ಕ ನೋಡಿದ 2016ರ ಇನ್ನೊಂದು ಅಧ್ಯಯನದಲ್ಲಿ, ಪರಿಶೀಲಿಸಿದ ಬಾಬ್ತುಗಳ ಪೈಕಿ ಇದೊಂದಕ್ಕೆ ಹೆಚ್ಚು ಖರ್ಚು ಮಾಡಿದ ಕಡೆ ಮಾತ್ರ ಹೃದಯಾಘಾತ, ಹೃದಯ ವೈಫಲ್ಯ, ನ್ಯುಮೋನಿಯಾ ಮೂರರಲ್ಲೂ ರೋಗಿಗಳು ಮತ್ತೆ ದಾಖಲಾಗುವುದು ಕಡಿಮೆಯಿತ್ತು. ಅದು ಅಲ್ಲಿನ ವ್ಯವಸ್ಥೆ, ಅದೂ ಬರೀ ಪರಸ್ಪರ ಸಂಬಂಧ, ಕಾರಣ ಅಂತ ಸಾಬೀತಾಗಿಲ್ಲ. ಆದರೂ ಆ ಬಾಬ್ತನ್ನೇ ಬಿಲ್ಲಿನಲ್ಲಿ ಬರೆಯದ ನಾವು ಇಂಥ ಲೆಕ್ಕವನ್ನು ಮಾಡೋಕೆ ಕೂಡ ಆಗಲ್ಲ. ನೋಡಿ, ಬಿಲ್ಲಿನ ಸಾಲು ಸಣ್ಣ ವಿಷಯ ಅಲ್ಲ ಅಂದಿದ್ದು ಇದಕ್ಕೇ.

ಈಗ ಕಾನೂನಿಗೆ ಬರೋಣ. 2021ರಲ್ಲಿ ಸಂಸತ್ತು ಪೂರಕ ಮತ್ತು ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ ಮಾಡಿತು. ಅದರ ಅನುಸೂಚಿಯ ಹತ್ತು ವರ್ಗಗಳಲ್ಲಿ ಆಕ್ಯುಪೇಷನಲ್ ಥೆರಪಿಗೆ ಸ್ವಂತದ್ದೊಂದು ವರ್ಗ ಸಿಕ್ಕಿತು. "ಇತರೆ"ಯಿಂದ ಹೊರಬಂದ ಹಾಗೆ. ಆರು ತಿಂಗಳೊಳಗೆ ಪ್ರತಿ ರಾಜ್ಯವೂ ಮಂಡಳಿ ರಚಿಸಬೇಕು, ನೋಂದಾಯಿತರ ಪಟ್ಟಿ ಇಡಬೇಕು, ಪಟ್ಟಿಯಲ್ಲಿಲ್ಲದವರು ಚಿಕಿತ್ಸೆ ಕೊಡಬಾರದು ಅಂತಿತ್ತು. ಮೂರು ವರ್ಷ ಕಳೆದರೂ ಬಹಳ ಕಡೆ ಕಾಗದದಲ್ಲೇ ಉಳಿಯಿತು. 2024ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಮಧ್ಯೆ ಬಂದು ಅಕ್ಟೋಬರ್ 12ರ ಗಡುವು ಹಾಕಬೇಕಾಯಿತು.

ಮಾಧ್ಯಮದಲ್ಲಿ ಇದ್ಯಾವುದೂ ಸದ್ದು ಮಾಡಲಿಲ್ಲ. ಸದ್ದು ಮಾಡಿದ್ದು "ಡಾ." ಎಂಬ ಒಂದೂವರೆ ಅಕ್ಷರ. 2025ರ ಸೆಪ್ಟೆಂಬರ್ 9ರಂದು ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ, ಫಿಸಿಯೋಥೆರಪಿಸ್ಟ್‌ಗಳು ಹೆಸರಿನ ಹಿಂದೆ "ಡಾ." ಹಾಕಬಾರದು ಅಂತ ಪತ್ರ ಬರೆಯಿತು. ಮರುದಿನವೇ ಹಿಂದಕ್ಕೆ ಪಡೆಯಿತು. ವೈದ್ಯರ ಸಂಘಗಳು ಒಂದು ಕಡೆ, ಥೆರಪಿಸ್ಟ್‌ಗಳು ಇನ್ನೊಂದು ಕಡೆ, ಆಕ್ಯುಪೇಷನಲ್ ಥೆರಪಿಯವರೂ ಅದೇ ಜಗಳದ ಬಾಲಕ್ಕೆ ಸಿಕ್ಕಿಕೊಂಡರು. ನನಗೆ ಎರಡೂ ಕಡೆಯ ಸಂಕಟ ಅರ್ಥವಾಗುತ್ತೆ. ತನ್ನ ಮುಂದೆ ಕೂತವರು ಎಂಬಿಬಿಎಸ್ ಓದಿದವರಾ ಅಲ್ಲವಾ ಅಂತ ತಿಳಿಯುವ ಹಕ್ಕು ರೋಗಿಗಿದೆ. ವರ್ಷಗಟ್ಟಲೆ ಓದಿ ಬಂದವರನ್ನು "ಏ ಥೆರಪಿ" ಅಂತ ವಾರ್ಡಿನಲ್ಲಿ ಕೂಗುವುದನ್ನು ನಾನೇ ಕೇಳಿದ್ದೀನಿ. ಮರ್ಯಾದೆ ಸಿಗೋಕೆ ಡಾಕ್ಟರ್ ಅನ್ನಿಸಿಕೊಳ್ಳೋದೊಂದೇ ದಾರಿ ಅಂತ ಅವರಿಗೆ ಅನ್ನಿಸುವ ಹಾಗೆ ಮಾಡಿದವರು ನಾವೇ. ಆದರೂ ಆ ಬೋರ್ಡಿನ ಜಗಳದಲ್ಲಿ ಗೆದ್ದರೂ ದೊಡ್ಡಮ್ಮನಿಗೆ ಓಟಿ ಅಂದರೆ ಆಪರೇಷನ್ ಥಿಯೇಟರೇ.

ಇದಕ್ಕಿಂತ ದೊಡ್ಡ ಅನ್ಯಾಯ ಯಾರ ಕಣ್ಣಿಗೂ ಬೀಳಲಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ, ರಾಜ್ಯ ಪ್ರಾಧಿಕಾರ ಮಾನಸಿಕ ಆರೋಗ್ಯ ವೃತ್ತಿಪರರು ಅಂತ ನೋಂದಾಯಿಸಬೇಕಾದವರನ್ನು ಹೆಸರಿಸಿದ್ದಾರೆ: ಕ್ಲಿನಿಕಲ್ ಸೈಕಾಲಜಿಸ್ಟ್, ಮಾನಸಿಕ ಆರೋಗ್ಯ ನರ್ಸ್, ಸೈಕಿಯಾಟ್ರಿಕ್ ಸೋಷಿಯಲ್ ವರ್ಕರ್. ಆಕ್ಯುಪೇಷನಲ್ ಥೆರಪಿಸ್ಟ್ ಆ ಪಟ್ಟಿಯಲ್ಲಿಲ್ಲ. ಮಾನಸಿಕ ಆಸ್ಪತ್ರೆಯ ಅಂಗಳದಲ್ಲೇ ಹುಟ್ಟಿದ ವೃತ್ತಿ ಅದೇ ಅಂಗಳದ ಕಾಯ್ದೆಯಲ್ಲಿ ಕಾಣೆ. ಅದೇ ಕಾಯ್ದೆ, ಕಾಯಿಲೆಯವರು ಸಮುದಾಯದಲ್ಲಿ ಬಾಳುವ ಹಕ್ಕಿನ ಬಗ್ಗೆ ಮಾತಾಡುತ್ತೆ. ಹತ್ತು ವರ್ಷ ವಾರ್ಡಿನಲ್ಲಿದ್ದು ಹೊರಬಂದ ಮನುಷ್ಯನಿಗೆ ಬಸ್ ಹತ್ತೋದು, ಅಂಗಡಿಯಲ್ಲಿ ಚಿಲ್ಲರೆ ಎಣಿಸೋದು, ಒಲೆ ಹಚ್ಚೋದು ಮತ್ತೆ ಕಲಿಸುವವರು ಯಾರು?

ಕಾನೂನು ಖಾಲಿ ಬಿಟ್ಟ ಜಾಗವನ್ನು ಮಾರುಕಟ್ಟೆ ತುಂಬುತ್ತೆ. ಬೆಂಗಳೂರಿನ ಬಡಾವಣೆಗಳಲ್ಲಿ ಮೆಡಿಕಲ್ ಶಾಪ್ ಮೇಲಿನ ಮಹಡಿಗಳನ್ನು ನೋಡಿ. ಬಣ್ಣಬಣ್ಣದ ಚೆಂಡಿನ ತೊಟ್ಟಿ, ಉಯ್ಯಾಲೆ, ಗಾಜಿನ ಮೇಲೆ "ಓಟಿ ಲಭ್ಯವಿದೆ". ಆಟಿಸಂ ಇರುವ ಮಕ್ಕಳ ತಂದೆತಾಯಿಗೆ ಮಾತ್ರ ಓಟಿ ಅಂದರೆ ಆಪರೇಷನ್ ಥಿಯೇಟರ್ ಅಲ್ಲ, ಗಂಟೆ ಲೆಕ್ಕದಲ್ಲಿ ದುಡ್ಡು ಕಟ್ಟುವ ಜಾಗ. ಅಲ್ಲಿ ಪದವಿ ಪಡೆದು ಪ್ರಾಮಾಣಿಕವಾಗಿ ದುಡಿಯುವವರಿದ್ದಾರೆ. ವಾರಾಂತ್ಯದ ಸರ್ಟಿಫಿಕೇಟ್ ಹಿಡಿದವರೂ ಇದ್ದಾರೆ. ಯಾರು ಯಾರು ಅಂತ ತಾಯಿಯೊಬ್ಬಳು ಹೇಗೆ ಪತ್ತೆ ಮಾಡಬೇಕು? ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿ 2012ರಲ್ಲೇ ಇಂದ್ರಿಯ ಸಂವೇದನೆ ಆಧಾರಿತ ಥೆರಪಿಗಳ ಬಗ್ಗೆ ಪುರಾವೆ ಸೀಮಿತ ಅಂತ ಪೋಷಕರಿಗೆ ತಿಳಿಸಿ, ಗುರಿ ಇಟ್ಟು ಅವಧಿ ಹಾಕಿ ಪರೀಕ್ಷಿಸಿ ಅಂದಿತ್ತು. ಇಲ್ಲಿ ಎರಡು ವರ್ಷ ಉಯ್ಯಾಲೆ ತೂಗಿಯೂ ಮಗು ತನ್ನ ಅಂಗಿ ಗುಂಡಿ ಹಾಕೋಕೆ ಕಲಿಯದಿದ್ದರೆ ಪ್ರಶ್ನೆ ಕೇಳುವವರಿಲ್ಲ. ಈ ವಿಷಯದಲ್ಲಿ ವೃತ್ತಿಯವರ ಮೇಲೂ ನನಗೆ ಸಿಟ್ಟಿದೆ. "ಡಾ." ಬಗ್ಗೆ ಇರುವ ದನಿ ಈ ಅಂಗಡಿಗಳ ಬಗ್ಗೆ ಯಾಕಿಲ್ಲ? ದಿನನಿತ್ಯದ ಬದುಕನ್ನು ಕೇಂದ್ರದಲ್ಲಿಟ್ಟುಕೊಂಡು ಹುಟ್ಟಿದ ವಿದ್ಯೆಯನ್ನು ಸಲಕರಣೆಯ ಕೋಣೆಯೊಳಗೆ ಕೂಡಿಹಾಕಿದರೆ, ಜನ ತಪ್ಪು ತಿಳಿದರು ಅಂತ ದೂರೋಕೆ ಬರಲ್ಲ.

ರಾಜ್ಯದ ಮಂಡಳಿಯಿಂದ ನನ್ನ ಅಪೇಕ್ಷೆ ದೊಡ್ಡದೇನಲ್ಲ. ನೋಂದಾಯಿತರ ಪಟ್ಟಿ ಫೋನಿನಲ್ಲಿ, ಕನ್ನಡದಲ್ಲಿ, ಪಿನ್‌ಕೋಡ್ ಹಾಕಿದರೆ ಸಿಗಬೇಕು. ಸ್ಟ್ರೋಕ್‌ಗೆ ಸರ್ಕಾರಿ ವಿಮೆಯಲ್ಲಿ ದುಡ್ಡು ಕೊಡುವಾಗ ಮನೆಗೆ ಕಳಿಸುವ ಮುಂಚಿನ ಈ ಇಪ್ಪತ್ತು ನಿಮಿಷಕ್ಕೂ ಒಂದು ಸಾಲು ಇರಬೇಕು, ಅದರದೇ ಹೆಸರಲ್ಲಿ. ಜಿಲ್ಲಾಸ್ಪತ್ರೆಗೆ ಕನಿಷ್ಠ ಒಂದು ಹುದ್ದೆ. ತಾಲೂಕಿಗೆ ಕೇಳೋದು ಈಗಲೇ ಅತಿಯಾಸೆ ಅಂತ ಗೊತ್ತು, ಅಲ್ಲಿ ಫಿಸಿಯೋಥೆರಪಿಸ್ಟ್ ಇದ್ದರೇ ದೊಡ್ಡದು.

ಊರಿನ ಮನೆಯಲ್ಲಿ ಪೈಪ್ ಕೂರಿಸಿದ್ದೇವೆ, ಹಿಡಿಕೆ ಹಾಕಿಸಿದ್ದೇವೆ. ದೊಡ್ಡಪ್ಪ ಮೂರು ಹೊತ್ತು ಉಣ್ಣುತ್ತಿದ್ದಾರೆ. ಎಲೆಗೆ ಸುಣ್ಣ ಹಚ್ಚಿಕೊಳ್ಳುತ್ತಾರೆ, ಕೆಲವೊಮ್ಮೆ ಸುಣ್ಣ ಜಾಸ್ತಿಯಾಗಿ ನಾಲಿಗೆ ಸುಟ್ಟುಕೊಂಡು ಬೈಯುತ್ತಾರೆ. ಬಾವಿ ಕಟ್ಟೆ ಹತ್ತಿರ ಮಾತ್ರ ಇನ್ನೂ ಹೋಗೋಕಾಗಿಲ್ಲ. ಮೆಟ್ಟಿಲು ಎತ್ತರ, ಏನು ಮಾಡಬಹುದು ಅಂತ ನೋಡಿ ಹೇಳುವವರು ಬೇಕಿತ್ತು. ಕಳೆದ ತಿಂಗಳು ಹೋದಾಗ ಹತ್ತಿರದ ಸರ್ಕಾರಿ ಆಸ್ಪತ್ರೆಯ ಕೌಂಟರ್‌ನಲ್ಲಿ ವಿಚಾರಿಸಿದೆ, ಓಟಿಯವರು ಯಾರಾದರೂ ಇದ್ದಾರಾ ಅಂತ. ಸಿಬ್ಬಂದಿ ತಲೆ ಎತ್ತದೆ ಕೈ ತೋರಿಸಿದರು.

"ಮೇಲೆ, ಎಡಗಡೆ. ಚಪ್ಪಲಿ ಹೊರಗೆ ಬಿಡಿ."